ಒಂದು ಮಡಕೆಯೂ ಒಡೆಯದ ನ್ಯಾಯಾಧಿಕಾರಿ

"ನೂರು ವರ್ಷದಲ್ಲಿ ಈ ಚಾವಡಿಯಲ್ಲಿ ನನ್ನಂಥ ನ್ಯಾಯಾಧಿಕಾರಿ ಇನ್ನೊಬ್ಬ ಕೂತಿಲ್ಲ. ನನ್ನ ಒಂದೇ ಒಂದು ತೀರ್ಪನ್ನೂ ರಾಜಧಾನಿ ತಿದ್ದಿಲ್ಲ," ಎಂದರು ತ್ರಿಯಂಬಕಯ್ಯ, ಮೀಸೆಗೆ ಅಂಟಿದ ಮಜ್ಜಿಗೆ ಒರೆಸಿಕೊಳ್ಳುತ್ತ.

ಎದುರಿಗೆ ಕೂತಿದ್ದವನು ಆಸ್ಥಾನದ ಬರಹಗಾರ ಸಂಕರಸ. ಹಿರೇಕೊಪ್ಪ ಸೀಮೆಯ ಮರುನ್ಯಾಯದ ಚಾವಡಿಗೆ ನೂರು ವರ್ಷ ತುಂಬಿತ್ತು. ಊರ ಪಂಚಾಯಿತಿಯಲ್ಲಿ ಸೋತವರು ಕೊನೆಯ ಆಸೆ ಹೊತ್ತು ಬರುವ ಜಾಗ ಅದು. ಅಲ್ಲಿ ಕೂತ ನ್ಯಾಯಾಧಿಕಾರಿಗಳ ಚರಿತ್ರೆ ಬರೆದು ನೂರರ ಹಬ್ಬದ ದಿನ ತನ್ನೆದುರೇ ಓದಬೇಕು, ಆಮೇಲೆ ಕಲ್ಲಿನಲ್ಲಿ ಕೊರೆಸಬೇಕು ಎಂದು ದೊರೆ ಮಲ್ಲಭೂಪ ಅವನನ್ನು ಕಳಿಸಿದ್ದ.

"ನೋಡಪ್ಪ, ಚರಿತ್ರೆಯಲ್ಲಿ ನಾನೇ ಎಲ್ಲರಿಗಿಂತ ದೊಡ್ಡವನಾಗಿ ಕಾಣಬೇಕು," ಎಂದರು ತ್ರಿಯಂಬಕಯ್ಯ. "ಆದರೆ ಸುಳ್ಳು ಬರೆಯಬೇಡ, ದೊರೆ ಕಡತ ತೆಗೆಸಿ ನೋಡುತ್ತಾರೆ. ಹಿಂದಿನವರನ್ನು ತೆಗಳಲೂ ಬೇಡ. ಅವರಲ್ಲೊಬ್ಬರು ದೊರೆಯ ಅಜ್ಜಿಯ ತಮ್ಮ."

"ಅಷ್ಟೇ ತಾನೆ, ಸ್ವಾಮಿ?" ಎಂದ ಸಂಕರಸ.

ಹೊರಗೆ ಮೆಟ್ಟಿಲ ಮೇಲೆ ಕುಂಬಾರ ನೀಲವ್ವ ಸೊಂಟದಲ್ಲಿ ಮಡಕೆ ಇಟ್ಟುಕೊಂಡು ನಿಂತಿದ್ದಳು.

ಆ ಚಾವಡಿಗೊಂದು ಪದ್ಧತಿ. ಮೊರೆ ತಂದವರು ಪ್ರತಿ ವಾಯಿದೆಗೂ ಹೊಸ ಮಡಕೆಯಲ್ಲಿ ನೀರು ತರಬೇಕು. ನ್ಯಾಯಾಧಿಕಾರಿ ಅದರಲ್ಲಿ ಕೈ ತೊಳೆದು, ಪಂಚಾಯಿತಿಯ ಮಾತು ಮರೆತೆನೆಂದು ಹೇಳಿ ವಿಚಾರಣೆಗೆ ಕೂರಬೇಕು. ತೀರ್ಪು ಕೊಟ್ಟರೆ ಮಡಕೆಯನ್ನು ಅಲ್ಲೇ ಒಡೆದು ಚೂರು ಹಿತ್ತಲಿಗೆ ಎಸೆಯಬೇಕು. ಕೊಡದಿದ್ದರೆ ಮಡಕೆ ಉಗ್ರಾಣ ಸೇರುತ್ತದೆ.

"ಎಷ್ಟನೇ ಮಡಕೆ ಇದು, ತಾಯಿ?" ಎಂದು ಸಂಕರಸ ಕೇಳಿದ.

"ನಲವತ್ತೇಳು. ನಮ್ಮ ಮಣ್ಣಿನ ಗುಂಡಿಯನ್ನು ದೇಸಾಯಿ ಕಿತ್ತುಕೊಂಡು ಹನ್ನೆರಡು ವರ್ಷವಾಗುತ್ತ ಬಂತು. ಮಣ್ಣಿಲ್ಲದೆ ನಾನೇ ಪರವೂರಿನಿಂದ ಮಡಕೆ ಕೊಂಡು ತರುತ್ತೇನೆ. ಕುಂಬಾರಗಿತ್ತಿ ಮಡಕೆ ಕೊಳ್ಳುವುದನ್ನು ಎಲ್ಲಾದರೂ ಕಂಡಿದ್ದೀಯ?"

"ನ್ಯಾಯಾಧಿಕಾರಿ ಏನಂತಾರೆ?"

"'ನೋಡೋಣ, ಮುಂದಿನ ವಾಯಿದೆಗೆ ಬಾ' ಅಂತಾರೆ. ಈ ಅಮಾವಾಸ್ಯೆಗೆ ಹನ್ನೆರಡು ತುಂಬಿದರೆ ಗುಂಡಿ ದೇಸಾಯಿಗೇ ಅಂತೆ, ಅದು ಕಾನೂನಂತೆ. ಆಮೇಲೆ ನಾನು ಮಡಕೆ ತಂದು ಯಾರ ತಲೆ ಮೇಲೆ ಹಾಕಲಿ?"

ಸಂಕರಸ ಹಿತ್ತಲಿಗೆ ಹೋಗಿ ನೋಡಿದ. ಅಲ್ಲಿ ಚೂರುಗಳ ಗುಡ್ಡವಿತ್ತು. ಗುಡ್ಡದ ತುಂಬ ಹುಲ್ಲು ಬೆಳೆದು ಆಡು ಮೇಯುತ್ತಿತ್ತು. ಹುಲ್ಲಿನ ಮೇಲೆ ಒಂದಾದರೂ ಹೊಸ ಚೂರು ಕಾಣಲಿಲ್ಲ. ಉಗ್ರಾಣದ ಕಿಟಕಿಯಲ್ಲಿ ಇಣುಕಿದವನು ನಗುತ್ತ ಹಿಂತಿರುಗಿದ.

"ಹಬ್ಬ ಅಮಾವಾಸ್ಯೆಗೆ ಮುಂಚೆಯೇ ಇದೆ. ಅವತ್ತು ನಲವತ್ತೆಂಟನೆಯದನ್ನು ತಾ. ಸ್ವಲ್ಪ ತೆಳು ನೋಡಿ ತಾ," ಎಂದ ನೀಲವ್ವನಿಗೆ.

ಮೂರು ದಿನಕ್ಕೆ ಚರಿತ್ರೆ ಸಿದ್ಧವಾಯಿತು. ತ್ರಿಯಂಬಕಯ್ಯ ಮೊದಲು ತಮ್ಮ ಸಾಲನ್ನೇ ಹುಡುಕಿದರು. "ತ್ರಿಯಂಬಕಯ್ಯನವರ ಹದಿನೆಂಟು ವರ್ಷಗಳಲ್ಲಿ ಒಂದು ತೀರ್ಪೂ ತಪ್ಪಾಗಲಿಲ್ಲ. ಚಾವಡಿಯ ಒಂದು ಮಡಕೆಗೂ ಬಿರುಕು ಬೀಳಲಿಲ್ಲ."

"ಭೇಷ್. ಮಡಕೆ ಕುಡಿಕೆಯನ್ನೂ ಎಷ್ಟು ಜೋಪಾನ ಮಾಡಿದ್ದೇನೆ ಅಂತ ಗಮನಿಸಿದ್ದೀಯ," ಎಂದು ಮೆಚ್ಚಿ ತಾವೇ ಮುದ್ರೆ ಒತ್ತಿದರು. ಹೊಗಳಿಕೆಯನ್ನು ಎರಡು ಸಲ ಓದುವ ಅಭ್ಯಾಸ ಯಾವ ದೇಶದ ದೊಡ್ಡವರಿಗೂ ಇಲ್ಲ.

ಹಬ್ಬದ ದಿನ ದೊರೆ ಬಂದ. ಚಾವಡಿ ಕಿಕ್ಕಿರಿದಿತ್ತು. ಸಂಕರಸ ಓದತೊಡಗಿದ.

"ಮೊದಲನೆಯವರು ಬೊಪ್ಪರಸರು. ಒಡೆದ ಮಡಕೆ ಮೂರು ಸಾವಿರ. ನಲವತ್ತು ತೀರ್ಪುಗಳನ್ನು ರಾಜಧಾನಿ ತಿದ್ದಿತು. ತಿದ್ದಿದಾಗಲೆಲ್ಲ ಅವರು ಒಂದು ಹೊತ್ತು ಊಟ ಬಿಡುತ್ತಿದ್ದರು. ಎರಡನೆಯವರು ಚಿಕ್ಕದೇವಯ್ಯನವರು. ಕಿವಿ ಮಂದ. ಒಮ್ಮೆ ಗೆದ್ದವನನ್ನು ಬೈದು ಸೋತವನಿಗೆ ಹಾರ ಹಾಕಿದರು. ಆದರೂ ಒಡೆದದ್ದು ಎರಡು ಸಾವಿರ."

"ನಮ್ಮ ಅಜ್ಜಿಯ ತಮ್ಮ," ಎಂದ ದೊರೆ. "ಮನೆಯಲ್ಲೂ ಹಾಗೇ."

"ಮೂರನೆಯವರು ಸಿಂಗಣ್ಣನವರು. ಅವರಿಗೆ ಸಿಟ್ಟು ಬಂದರೆ ಒಂದು ತೀರ್ಪಿಗೆ ಎರಡು ಮಡಕೆ ಒಡೆಯುತ್ತಿದ್ದರು, ಲೆಕ್ಕ ಸಿಗುವುದಿಲ್ಲ." ಜನ ನಕ್ಕರು. ಸಂಕರಸ ಗಂಟಲು ಸರಿಮಾಡಿಕೊಂಡು ಕೊನೆಯ ಸಾಲು ಓದಿದ.

ದೊರೆಯ ಹುಬ್ಬು ಮೇಲೇರಿತು. "ಒಂದು ಮಡಕೆಗೂ? ಹದಿನೆಂಟು ವರ್ಷದಲ್ಲಿ?"

"ಒಂದಕ್ಕೂ ಇಲ್ಲ, ಮಹಾಪ್ರಭು. ನ್ಯಾಯಾಧಿಕಾರಿಗಳೇ ಮುದ್ರೆ ಒತ್ತಿದ್ದಾರೆ."

ತ್ರಿಯಂಬಕಯ್ಯ ಎದ್ದು ಕೈಮುಗಿದರು. ಮುಗಿದ ಕೈ ಅಲ್ಲೇ ನಿಂತಿತು. ಏಕೆಂದರೆ ದೊರೆ ಉಗ್ರಾಣದ ಬಾಗಿಲು ತೆಗೆಸಿದ್ದ. ಒಳಗೆ ನೆಲದಿಂದ ಸೂರಿನವರೆಗೆ ಮಡಕೆ. ಒಂದರಲ್ಲಿ ಕೋಳಿ ಕಾವಿಗೆ ಕೂತಿತ್ತು.

"ಅದು ನನ್ನ ಮಡಕೆ, ಬುದ್ದಿ. ಒಂಬತ್ತನೇ ವಾಯಿದೆಯದು," ಎಂದಳು ನೀಲವ್ವ ಹಿಂದಿನಿಂದ. "ನಲವತ್ತೆಂಟನೆಯದು ಇಲ್ಲಿದೆ, ನನ್ನ ಸೊಂಟದ ಮೇಲೆ."

"ತ್ರಿಯಂಬಕಯ್ಯನವರೇ, ಕೈ ತೊಳೆಯಿರಿ," ಎಂದ ದೊರೆ.

"ಮಹಾಪ್ರಭು, ಆಳವಾಗಿ ಯೋಚಿಸಬೇಕಾದ ವಿಷಯ. ತೀರ್ಪು ಕೊಟ್ಟು, ನಾಳೆ ಅದು ತಪ್ಪು ಅಂತಾದರೆ..."

"ಆದರೆ ಬೊಪ್ಪರಸರ ಹಾಗೆ ಒಂದು ಹೊತ್ತು ಊಟ ಬಿಡಿ."

ಕಾಗದ ತೆಗೆಸಿದರೆ ಗುಂಡಿ ನೀಲವ್ವನ ಮಾವನ ಹೆಸರಿನಲ್ಲೇ ಇತ್ತು. ಪಂಚಾಯಿತಿಯ ಯಜಮಾನ ದೇಸಾಯಿಯ ಭಾವಮೈದುನ. ಇಷ್ಟು ತಿಳಿಯಲು ದೊರೆಯ ಬಾಯಿಯ ಎಲೆಯಡಿಕೆ ಮುಗಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಗುಂಡಿ ನೀಲವ್ವನಿಗೆ ಎಂದು ತ್ರಿಯಂಬಕಯ್ಯ ಕ್ಷೀಣವಾಗಿ ಹೇಳಿದರು. ಮಡಕೆ ತೆಳುವಾಗಿತ್ತು, ಒಂದೇ ಏಟಿಗೆ ಒಡೆಯಿತು. ದೊರೆ ಬಿದ್ದುಬಿದ್ದು ನಕ್ಕು, ಕೊರಳ ಹಾರ ತೆಗೆದು ಸಂಕರಸನಿಗೆ ಹಾಕಿದ.

ಜನ ಚದುರಿದ ಮೇಲೆ ತ್ರಿಯಂಬಕಯ್ಯ ಸಂಕರಸನ ತೋಳು ಹಿಡಿದರು. "ಆ ಸಾಲು ಕಲ್ಲಿನಲ್ಲಿ ಬೇಡಪ್ಪ. ಈಗ ಒಂದು ಒಡೆದೆನಲ್ಲ, ತಿದ್ದು."

"ನಾನು ಬರೆದದ್ದು ತಪ್ಪು ಅನಿಸಿದರೆ ಮರುನ್ಯಾಯ ಕೇಳಬಹುದು, ಸ್ವಾಮಿ. ಚಾವಡಿ ಇದ್ದೇ ಇದೆ. ಹೊಸ ಮಡಕೆಯೊಂದು ತಂದರಾಯಿತು."

ತ್ರಿಯಂಬಕಯ್ಯ ಮೆಟ್ಟಿಲು ಇಳಿಯುತ್ತಿದ್ದ ನೀಲವ್ವನನ್ನು ಕೂಗಿದರು. "ಏನಮ್ಮ, ಒಂದು ಮಡಕೆ ಮಾಡಿಕೊಡುತ್ತೀಯ? ತುರ್ತಾಗಿ ಬೇಕಿತ್ತು."

ನೀಲವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತು, ಆಳವಾಗಿ ಯೋಚಿಸುವವರ ಹಾಗೆ ಆಕಾಶ ನೋಡಿದಳು.

"ನೋಡೋಣ, ಬುದ್ದಿ. ಮುಂದಿನ ವಾಯಿದೆಗೆ ಬನ್ನಿ."