ಕೆರೆಗಿಳಿದ ಹೊಗೆ

ನಿನ್ನೆ ಸಂಜೆ ಹುಲ್ಲುಗಾವಲಿನ ಅಂಚಿನಲ್ಲಿ ಸಾಸಿವೆಕಾಳಿನಷ್ಟು ಮಸುಕು ಕಾಣಿಸುತ್ತಿದೆ ಎಂದು ಉಪಗ್ರಹ ಸಾರಿದ್ದರಿಂದ ಇಡೀ ನಾಡು ಗಂಡಾಂತರಕ್ಕೆ ಸಿಲುಕಿತು.

“ಹೊಗೆ! ಕಾಡ್ಗಿಚ್ಚು! ಎದ್ದು ಓಡಮ್ಮ,” ಎಂದು ಕಾಗೆ ಕೂಗಿತು.

ನೆಲದ ಮೇಲೆಯೇ ಮೊಟ್ಟೆಯಿಟ್ಟು ಕಾವಿಗೆ ಕುಳಿತಿದ್ದ ಟಿಟ್ಟಿಭ ಹಕ್ಕಿ ರೆಕ್ಕೆ ಬಿಗಿದು ಮೊಟ್ಟೆಗಳನ್ನು ಮುಚ್ಚಿಕೊಂಡಿತು. ಮೊಟ್ಟೆಗಳನ್ನು ಹೊತ್ತು ಓಡುವಂತಿಲ್ಲ, ಬಿಟ್ಟು ಓಡುವಂತೆಯೂ ಇಲ್ಲ. ಅದು ಮೇಲಕ್ಕೆ ನೋಡಿ ಉಪಗ್ರಹವನ್ನೇ ಕೇಳಿತು: “ಅಣ್ಣಾ, ಹೊಗೆ ಎತ್ತ ಬರುತ್ತಿದೆ?”

“ಗಾಳಿಗೆ ಎದುರಾಗಿ ಊರಿನತ್ತ ಹೋಗುತ್ತಿದೆ. ಈಗ ಕೆರೆಗೆ ಇಳಿದಿದೆ. ನೀರು ಕುಡಿಯುವ ಹೊಗೆಯನ್ನು ನಾನು ಇದುವರೆಗೆ ಕಂಡಿಲ್ಲ.”

“ಅಯ್ಯೋ, ಅದು ಗೋಧೂಳಿ! ದನ ಮನೆಗೆ ಹೊರಟಿವೆ!” ಟಿಟ್ಟಿಭ ಉಸಿರುಬಿಟ್ಟು ರೆಕ್ಕೆ ಸಡಿಲಿಸಿತು.

“ಧೂಳೂ ಒಂದು ಬಗೆಯ ಹೊಗೆಯೇ,” ಎಂದಿತು ಕಾಗೆ. “ಬೆಂಕಿ ಒಂದಿಲ್ಲ, ಅಷ್ಟೆ.”

ದನಗಳು ಕೊಟ್ಟಿಗೆ ಸೇರಿದವು.