ಹೆಪ್ಪು ಸತ್ತ ಗಡಿಗೆ

ನದಿ ದಂಡೆಯ ಮಠದಲ್ಲಿ ತಿಪ್ಪೇಶಿಯ ಕಾಲು ಅಂದು ನೆಲದ ಮೇಲೆ ನಿಲ್ಲಲಿಲ್ಲ. ನಾಳೆ ಹುಣ್ಣಿಮೆ, ಅವನಿಗೆ ದೀಕ್ಷೆ. ಆರು ವರ್ಷ ಕಾದಿದ್ದನಲ್ಲ, ಸುಮ್ಮನೆಯೇ!

"ಅಜ್ಜಾರ, ಶುದ್ಧ ಆದೆ!" ಎಂದು ಗುರು ಕರಿಬಸಜ್ಜನ ಕಾಲಿಗೆ ಬಿದ್ದ. "ನಲವತ್ತು ದಿನ ಭೇದಿ ಔಷಧ ಕುಡಿದೀನಿ. ಹೊಟ್ಟ್ಯಾಗ ಒಂದ ಹುಳಾನೂ ಉಳಿದಿಲ್ಲ. ಒಳಗ ನಾನೊಬ್ಬನ ಅದೀನಿ!"

"ಉಂಡಿಯೇನು?"

"ಉಂಡದ್ದು ನಿಲ್ಲವಲ್ದರಿ."

ಕೆನ್ನೆ ಒಳಗೆ ಹೋಗಿತ್ತು, ಕಣ್ಣಲ್ಲಿ ಮಾತ್ರ ದೀಪಾವಳಿ.

"ಮೊಸರಿನ ಗಡಿಗೀನೂ ಕುದಿನೀರು ಹೊಯ್ದು ತಿಕ್ಕಿದೆರಿ. ಒಂದು ಚೂರು ಹಳೇದು ಬಿಡಲಿಲ್ಲ."

"ಭೇಷ್! ಅದರಾಗ ಹಾಲು ಹಾಕಿ ಇಡು. ನಾಳೆ ಆ ಮೊಸರು ಉಂಡ ಮ್ಯಾಲೆ ದೀಕ್ಷಾ."

ಬೆಳಗ್ಗೆ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇತ್ತು. ಅಯ್ಯೋ ಶಿವನೇ, ದೀಕ್ಷೆ ಕೈತಪ್ಪಿತಲ್ಲ! ತಿಪ್ಪೇಶಿ ಅತ್ತೇಬಿಟ್ಟ.

"ಅಳಬ್ಯಾಡ. ದೋಣಿ ನಡಸೋ ನೀಲವ್ವನ ಮನೀಗೆ ಹೋಗಿ ಹೆಪ್ಪು ಇಸಗೊಂಡು ಬಾ."

ನೀಲವ್ವ ಒಂದು ಚಮಚ ಮೊಸರು ಕೊಟ್ಟು ನಕ್ಕಳು. "ಇದು ನಿಮ್ಮ ಮಠದ್ದ ಹೆಪ್ಪು ತಮ್ಮಾ. ನಮ್ಮವ್ವ ಇಸಗೊಂಡು ಬಂದಿದ್ಲು."

ಮರುದಿನ ಗಡಿಗೆಯ ತುಂಬ ಗಟ್ಟಿ ಮೊಸರು. ಅಂದಿನಿಂದ ಅಜ್ಜ ಅವನಿಗೆ ದಿನಾ ಜೋಳದ ನುಚ್ಚು, ಸೊಪ್ಪು, ಮಜ್ಜಿಗೆ ಬಡಿಸಿದ. ನಾಲ್ಕಾರು ದಿನಕ್ಕೆ ಉಂಡದ್ದು ನಿಂತಿತು. ಹದಿನೈದು ದಿನಕ್ಕೆ ಕೆನ್ನೆ ತುಂಬಿತು.

"ಅಜ್ಜಾರ, ಇಷ್ಟು ಸೊಪ್ಪು ಯಾಕ್ರಿ? ಅದರ ನಾರು ನನಗ ಅರಗೂದಿಲ್ಲ."

"ನಿನಗಲ್ಲೋ. ನಿನ್ನ ಕರುಳಿನ್ಯಾಗ ಕಣ್ಣಿಗೆ ಕಾಣದವು ಕೋಟಿಗಟ್ಲೆ ಅದಾವ. ನಿನಗ ಅರಗದ್ದು ಅವು ಉಣ್ತಾವ. ಉಂಡು ನಿನ್ನ ಕರುಳಿಗೆ ಉಣಸ್ತಾವ. ಕೆಟ್ಟವು ಬಂದ್ರ ಕೂಡಾಕ ಜಾಗಾ ಕೊಡೂದಿಲ್ಲ."

"ನಾ ಕೊಲ್ಲಾಕ ಹೊಂಟಿದ್ದು ಅವನ್ನೇನ್ರಿ?"

"ಮತ್ತ? ಒಂದಿಷ್ಟು ಅಡಗಿ ಉಳಕೊಂಡಿದ್ವು. ಪುಣ್ಯಾ ನಿಂದು."

ತಿಪ್ಪೇಶಿಯ ಮೈ ಜುಮ್ಮೆಂದಿತು. ನನ್ನೊಳಗೆ ಒಂದು ಊರೇ ಇದೆ! ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನದಿ ದಂಡೆಯುದ್ದ ಓಡಿದ, ನಕ್ಕ, ದೋಣಿಯಲ್ಲಿದ್ದ ನೀಲವ್ವನಿಗೂ ಕೂಗಿ ಹೇಳಿದ.

ಮುಂದಿನ ಹುಣ್ಣಿಮೆಗೆ ಮಿಂದು, ಮಡಿಯುಟ್ಟು ದೀಕ್ಷೆಗೆ ಬಂದ. ಅಜ್ಜ ಬಾಗಿಲಲ್ಲೇ ತಡೆದ.

"ಒಳಗ ನೀನೊಬ್ಬನ ಅದಿಯೇನು?"

"ಇಲ್ಲರಿ ಅಜ್ಜಾರ! ಊರಿಗೆ ಊರ ಕರಕೊಂಡು ಬಂದೀನಿ!"

ಅಜ್ಜ ಬಗ್ಗಿ, ಅವನ ಹೊಟ್ಟೆಗೆ ಕೈಮುಗಿದ.

"ಬರ್ರೆಪಾ, ಎಲ್ಲಾರೂ ಬರ್ರಿ. ಈ ತಿಪ್ಪೇಶೀನೂ ಕರಕೊಂಡು ಬಂದ್ರಲ್ಲ, ಚಲೋ ಆತು."