ಇಪ್ಪತ್ತು ಹಿತ್ತಾಳೆ ಕೊಳವೆಗಳು

“ಗುರುಗಳೇ, ನನ್ನ ಮಗಳು ಒಂದು ದಿನ ಸರಿಯಾಗಿದ್ದಾಳೆ ಅನ್ನಿಸುತ್ತದೆ, ಮರುದಿನ ಇಲ್ಲ ಅನ್ನಿಸುತ್ತದೆ. ದಿನವೂ ತಿದ್ದುತ್ತೇನೆ. ಈಗೀಗ ಎದುರಿಗೆ ಬಂದರೂ ಮಾತಾಡುವುದಿಲ್ಲ. ಇನ್ನೆಷ್ಟು ತಿದ್ದಿದರೆ ಸರಿಹೋದಾಳು?” ಎಂದು ಶಿಷ್ಯ ಮುದ್ದಯ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಕೋವಿಗಾರನಿದ್ದ. ತೀರಿಹೋದ ಅಣ್ಣನ ರೈಫಲ್ಲು ಅವನ ಪಾಲಿಗೆ ಬಂದಿತ್ತು. ಅದಕ್ಕೆ ಹೊಂದುವ ಕಾಡತೂಸು ಅಂಗಡಿಗೆ ಬರುವುದು ನಿಂತು ವರ್ಷಗಳಾಗಿದ್ದವು. ಅಣ್ಣ ಹಾರಿಸಿ ಎತ್ತಿಟ್ಟಿದ್ದ ಕಾಡತೂಸುಗಳ ಇಪ್ಪತ್ತು ಖಾಲಿ ಹಿತ್ತಾಳೆ ಕೊಳವೆಗಳಷ್ಟೇ ಉಳಿದಿದ್ದವು. ಅವಕ್ಕೆ ಮತ್ತೆ ಮದ್ದು ತುಂಬಬೇಕು, ಊರಿನ ಪಂದ್ಯದಲ್ಲಿ ಅಣ್ಣನ ಹೆಸರಿನಲ್ಲಿ ಒಂದೇ ಒಂದು ತೆಂಗಿನಕಾಯಿಗೆ ಗುಂಡು ಹೊಡೆಯಬೇಕು. ಅವನಿಗಿದ್ದ ಆಸೆ ಅಷ್ಟೇ.

ಹಾರಿಸಿದ ಕೊಳವೆ ಉಬ್ಬಿರುತ್ತದೆ. ಎಣ್ಣೆ ಸವರಿ ಅಚ್ಚಿನಲ್ಲಿ ಒತ್ತಿದರೆ ಮೊದಲಿನ ಅಳತೆಗೆ ಬರುತ್ತದೆ. ಇವನು ಕೆಲಸಕ್ಕೆ ಹೊಸಬ. ಒತ್ತಿದ, ಕ್ಯಾಲಿಪರ್ ಎಂಬ ಅಳತೆಯ ಇಕ್ಕಳದಲ್ಲಿ ಹಿಡಿದು ಅಳೆದ. ಸರಿಯಾಗಿತ್ತು. ಮರುದಿನ ನಂಬಿಕೆ ಸಾಲದೆ ಅದನ್ನೇ ಅಳೆದ. ಕೂದಲೆಳೆಯಷ್ಟು ಹೆಚ್ಚು ತೋರಿಸಿತು. ಮತ್ತೆ ಒತ್ತಿದ. ಇಪ್ಪತ್ತರದ್ದೂ ಇದೇ ಪಾಡು. ಈ ಹಿತ್ತಾಳೆಗೆ ನಿಯತ್ತೇ ಇಲ್ಲ ಎಂದು ಬೈದ, ಮತ್ತೆ ಒತ್ತಿದ.

ಪಂದ್ಯಕ್ಕೆ ಎರಡು ದಿನವಿರುವಾಗ ನೋಡಿದರೆ ಎಲ್ಲದರ ಬಾಯಿ ಸೀಳಿತ್ತು. ಟವೆಲಿನಲ್ಲಿ ಕಟ್ಟಿಕೊಂಡು ಕೋವಿ ರಿಪೇರಿಯವನ ಬಳಿಗೆ ಓಡಿದ. ಅವನು ಒಂದು ಕೊಳವೆಯನ್ನು ಚೆನ್ನಾಗಿ ಒರೆಸಿ, ಹಗುರ ಕೈಯಲ್ಲಿ ಐದು ಸಲ ಅಳೆದ. ಐದು ಸಲವೂ ಒಂದೇ ಅಳತೆ.

“ಎಣ್ಣೆ ಒರೆಸಿ ಅಳೀತಿದ್ರಾ ಸ್ವಾಮಿ?”

“ನೆನಪಾದ ದಿನ ಒರೆಸ್ತಿದ್ದೆ.”

“ಕ್ಯಾಲಿಪರ್ ಒತ್ತೋ ಕೈ ಎಷ್ಟು ಬಿಗಿ ಇರ್ತಿತ್ತು?”

“ಅದು ಅವತ್ತವತ್ತಿನ ಮನಸ್ಸು ಇದ್ದಂಗೆ.”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವು ಮೊದಲನೇ ದಿನವೇ ಸರಿಯಾಗಿದ್ವು. ಒತ್ತಿ ಒತ್ತಿ ಗಡುಸಾಗಿ ಸೀಳಿವೆ. ಇನ್ನು ಮದ್ದು ತುಂಬೋ ಹಾಗಿಲ್ಲ.”

“ಇನ್ನು ಮೇಲೆ ಸರಿಯಾಗಿ ಅಳೀತೀನಿ.”

“ಯಾವುದನ್ನ?” ಎಂದ ರಿಪೇರಿಯವನು.

ಪಂದ್ಯದ ದಿನ ಅಣ್ಣನ ಹೆಸರು ಕೂಗಿದರು. ಕೋವಿಗಾರ ಖಾಲಿ ರೈಫಲ್ಲು ಹಿಡಿದು ನಿಂತ. ಎಲ್ಲರೆದುರು ಅತ್ತ. ಮರಕ್ಕೆ ಕಟ್ಟಿದ್ದ ಕಾಯಿ ಹಾಗೆಯೇ ಉಳಿಯಿತು.

ಮುದ್ದಯ್ಯನಿಗೆ ತಡೆಯಲಾಗಲಿಲ್ಲ. “ಒಂದಾದರೂ ಉಳಿಯಲಿಲ್ಲವೇ, ಗುರುಗಳೇ?” ಎಂದ.

ಗುರುಗಳು ಹೇಳಿದರು: “ಅವನ ಬಳಿ ಇಪ್ಪತ್ತಾದರೂ ಇದ್ದವು, ಮುದ್ದಯ್ಯ, ನಿನಗಿರುವುದು ಒಬ್ಬಳೇ ಮಗಳು.”